ಸೆನ್ಸರ್ ಸುಳ್ಳು ಹೇಳಿದಾಗ ಎಂಜಿನ್ ಏನು ಮಾಡುತ್ತದೆ?

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿರುವ ಗಾಡಿ ಮಾರನಹಳ್ಳಿಯ ಹತ್ತಿರ ಇದ್ದಕ್ಕಿದ್ದಂತೆ ಎಳೆಯುವುದನ್ನು ಬಿಡುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಆರ್‌ಪಿಎಂ ಮುಳ್ಳು ಎರಡೂವರೆ ಸಾವಿರದಿಂದ ಮೇಲೆ ಏಳುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿದೆ. ಎಂಜಿನ್ನೇ ಹೋಯಿತು ಅಂದುಕೊಂಡು ಒಳಗಿದ್ದವರ ಎದೆ ಹೊಡೆದುಕೊಳ್ಳುತ್ತದೆ. ಆದರೂ ಗಾಡಿ ನಿಲ್ಲುವುದಿಲ್ಲ. ಎರಡನೇ ಗೇರಿನಲ್ಲಿ ನಿಧಾನವಾಗಿ ತಿರುವು ತಿರುವು ಹತ್ತಿ ಸಕಲೇಶಪುರ ಮುಟ್ಟುತ್ತದೆ. ಅಲ್ಲಿನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿ, "ಸೆನ್ಸರ್ ಹೋಗಿದೆ ಸಾರ್, ಲಿಂಪ್ ಮೋಡಿಗೆ ಬಂದಿದೆ" ಅನ್ನುತ್ತಾನೆ.

ಘಾಟಿಯಲ್ಲಿ ಎಷ್ಟೋ ಜನ ಕಂಡಿರುವ ಸಂಗತಿ ಇದು. ಗಾಡಿ ಕೈಕೊಟ್ಟಿತು ಎಂದು ಬೈದುಕೊಂಡೇ ಮನೆ ಸೇರುತ್ತೇವೆ. ನಿಜದಲ್ಲಿ ಆ ಗಾಡಿ ಕೈಕೊಡಲಿಲ್ಲ, ಕೈ ಹಿಡಿಯಿತು. ತನ್ನ ಒಂದು ಅಂಗ ಕೆಟ್ಟಿದೆ ಎಂದು ಗೊತ್ತಾದ ಕೂಡಲೇ ಉಳಿದ ಅಂಗಗಳ ಮಾತು ಕೇಳಿ, ಶಕ್ತಿಯನ್ನು ತಾನೇ ತಗ್ಗಿಸಿಕೊಂಡು, ಸುರಕ್ಷಿತವಾಗಿ ಮುಂದಿನ ಊರಿನವರೆಗೆ ಹೋಗುವ ದಾರಿಯನ್ನು ಅದು ಹುಡುಕಿಕೊಂಡಿತು. ಲಿಂಪ್ ಮೋಡ್ ಎಂದರೆ ಇದೇ. ಆ ದಾರಿಯನ್ನು ವರ್ಷಗಳ ಹಿಂದೆಯೇ ಯಾರೋ ಎಂಜಿನಿಯರುಗಳು ಕುಳಿತು ಯೋಚಿಸಿ ಬರೆದಿಟ್ಟಿದ್ದರು. ಎಂಜಿನ್ ತಂತ್ರಜ್ಞಾನದಲ್ಲಿ ನಾವು ಕೊಂಡಾಡುವುದು ಮೈಲೇಜನ್ನು, ಪಿಕಪ್ಪನ್ನು. ಕೆಟ್ಟ ಮೇಲೂ ಓಡುವ ಈ ವಿದ್ಯೆಯೂ ಅಷ್ಟೇ ಗೌರವಕ್ಕೆ ಅರ್ಹ ಎಂಬುದು ನನ್ನ ನಂಬಿಕೆ.

ಒಂದು ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ ಶುರುವಾದದ್ದು 1951ರಲ್ಲಿ. ಇವತ್ತು ಬಾಷ್ ಎಂದು ಹೆಸರು ಬದಲಾದರೂ ಊರಿನ ಒಂದು ಬಡಾವಣೆ ಇನ್ನೂ ಮೈಕೋ ಲೇಔಟ್ ಆಗಿಯೇ ಉಳಿದಿದೆ. ಅಲ್ಲಿ ತಯಾರಾದ ಡೀಸೆಲ್ ಪಂಪುಗಳು ದೇಶದ ಬಸ್ಸು, ಲಾರಿ, ಟ್ರ್ಯಾಕ್ಟರುಗಳಲ್ಲಿ ದಶಕಗಳ ಕಾಲ ದುಡಿದವು. ಆ ಪಂಪಿನೊಳಗೆ ವಿದ್ಯುತ್ತಿನ ಕೆಲಸವೇ ಇರಲಿಲ್ಲ. ಗವರ್ನರ್ ಎಂಬ ಭಾಗದಲ್ಲಿ ತಿರುಗುವ ತೂಕದ ಗುಂಡುಗಳು ವೇಗ ಹೆಚ್ಚಿದಂತೆ ಹೊರಗೆ ಸರಿದು, ಡೀಸೆಲ್ ಎಷ್ಟು ಹೋಗಬೇಕೆಂಬುದನ್ನು ಸ್ಪ್ರಿಂಗಿನ ಎದುರು ಒತ್ತಿ ತೀರ್ಮಾನಿಸುತ್ತಿದ್ದವು. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿಕೊಂಡು ಊರು ಸೇರಬಹುದಿತ್ತು. ಹಳೆಯ ಚಾಲಕರು ಆ ಎಂಜಿನ್‌ಗಳನ್ನು ನೆನೆದು ನಿಟ್ಟುಸಿರು ಬಿಡುವುದು ಸಹಜ. ಅವು ಉಗುಳುತ್ತಿದ್ದ ಕರಿಹೊಗೆಯನ್ನೂ ಜೊತೆಯಲ್ಲೇ ನೆನೆಯಬೇಕು. ಗುಂಡು ಮತ್ತು ಸ್ಪ್ರಿಂಗಿಗೆ ಹೊರಗಿನ ಗಾಳಿ ತಣ್ಣಗಿದೆಯೋ ಬಿಸಿಯೋ, ಗಾಡಿ ಮಂಗಳೂರಿನಲ್ಲಿದೆಯೋ ಮಡಿಕೇರಿಯಲ್ಲಿದೆಯೋ, ಉರಿದ ಹೊಗೆಯಲ್ಲಿ ಏನು ಉಳಿದಿದೆ ಎಂಬುದು ತಿಳಿಯುತ್ತಿರಲಿಲ್ಲ.

ಆ ತಿಳಿವಳಿಕೆ ಬೇಕಾದಾಗಲೇ ಸೆನ್ಸರ್‌ಗಳು ಬಂದವು. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆ ಫೋಕ್ಸ್‌ವಾಗನ್ 1600 ಕಾರಿನಲ್ಲಿ ಬಂತು. ಎಂಜಿನ್ ಒಳಗೆಳೆಯುವ ಗಾಳಿಯ ಒತ್ತಡವನ್ನು ಅಳೆದು ಪೆಟ್ರೋಲ್ ಸಿಂಪಡಿಸುವ ಎಲೆಕ್ಟ್ರಾನಿಕ್ ಏರ್ಪಾಡು ಅದು. 1976ರಲ್ಲಿ ವೋಲ್ವೋ ಕಾರುಗಳ ಹೊಗೆಕೊಳವೆಯಲ್ಲಿ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ ಬಂತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನ ಮೋಟ್ರಾನಿಕ್ ವ್ಯವಸ್ಥೆಯಲ್ಲಿ ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಡಿಜಿಟಲ್ ಪೆಟ್ಟಿಗೆ ನೋಡಿಕೊಳ್ಳತೊಡಗಿತು. ನಮ್ಮಲ್ಲಿ 2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-4, ಮೂರೇ ವರ್ಷ ಕಳೆದು 2020ರ ಏಪ್ರಿಲ್‌ನಲ್ಲಿ, ನಡುವಿನ ಬಿಎಸ್-5 ಅನ್ನು ಹಾರಿ, ಬಿಎಸ್-6 ಜಾರಿಯಾದವು. ಹಾಲು ಹಾಕಲು ಹೋಗುವ ಬೈಕಿನಲ್ಲೂ ಕಾರ್ಬ್ಯುರೇಟರ್ ಹೋಗಿ ಸೆನ್ಸರ್‌ಗಳ ಗೊಂಚಲು ಬಂದದ್ದು ಬಹುಮಟ್ಟಿಗೆ ಬಿಎಸ್-6 ನಿಯಮದಿಂದಲೇ. ಹೀಗಾಗಿ ಸೆನ್ಸರ್ ಕೆಟ್ಟರೆ ಏನು ಎಂಬುದು ಈಗ ಹಳ್ಳಿಯ ಗ್ಯಾರೇಜಿನ ಪ್ರಶ್ನೆಯೂ ಹೌದು.

ಸೆನ್ಸರ್ ಹೇಳುವ ಮಾತಿನ ಮೇಲೆ ಎಂಜಿನ್ ಎಷ್ಟು ನೆಚ್ಚಿಕೊಂಡಿದೆ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ಕಾಣಬಹುದು. ನಾಲ್ಕು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಎಂಜಿನ್ ಇದೆ ಎನ್ನಿ. ಒಂದೊಂದು ಸಿಲಿಂಡರಿನ ಪಾಲು 0.3 ಲೀಟರ್. ಇನ್‌ಟೇಕ್ ಕೊಳವೆಯಲ್ಲಿ ಗಾಳಿಯ ಒತ್ತಡ 50 ಕಿಲೋಪಾಸ್ಕಲ್, ಉಷ್ಣತೆ 27 ಡಿಗ್ರಿ ಸೆಲ್ಸಿಯಸ್, ಸಿಲಿಂಡರ್ ತನ್ನ ಜಾಗದ ಶೇ 80ರಷ್ಟನ್ನು ತುಂಬಿಕೊಳ್ಳುತ್ತದೆ ಎಂದಿಟ್ಟುಕೊಂಡರೆ, ಒಮ್ಮೆ ಒಳಗೆ ಹೋಗುವ ಗಾಳಿಯ ತೂಕ ಸುಮಾರು 0.14 ಗ್ರಾಂ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಅಂದರೆ ಆ ಒಂದು ಉಸಿರಿಗೆ ಬೇಕಾದ ಪೆಟ್ರೋಲ್ ಒಂಬತ್ತೂವರೆ ಮಿಲಿಗ್ರಾಂ. ಎಂಜಿನ್ 3,000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಈ ಲೆಕ್ಕವನ್ನು ಸೆಕೆಂಡಿಗೆ ನೂರು ಬಾರಿ ಮಾಡಬೇಕು. ಒತ್ತಡದ ಸೆನ್ಸರ್ ನಿಜಕ್ಕಿಂತ ಹೆಚ್ಚು ತೋರಿಸಿದರೆ ಹೆಚ್ಚು ಪೆಟ್ರೋಲ್ ಸುರಿದು ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ. ಕಡಿಮೆ ತೋರಿಸಿದರೆ ಎಂಜಿನ್ ಮುಗ್ಗರಿಸುತ್ತದೆ, ಭಾರ ಎಳೆಯುವಾಗ ಮಿತಿಮೀರಿ ಬಿಸಿಯಾಗುತ್ತದೆ.

ಹಾಗಾಗಿ ಕಂಟ್ರೋಲ್ ಯೂನಿಟ್, ಅಂದರೆ ಗ್ಯಾರೇಜಿನವರು ಇಸಿಎಂ ಎನ್ನುವ ಪೆಟ್ಟಿಗೆ, ಮೊದಲು ಮಾಡಬೇಕಾದದ್ದು ಅನುಮಾನ. ಸೆನ್ಸರ್ ಸತ್ತಿದೆ ಎಂದು ತಿಳಿಯುವುದು ಕಷ್ಟವಲ್ಲ. ಹೆಚ್ಚಿನ ಸೆನ್ಸರ್‌ಗಳಿಗೆ 5 ವೋಲ್ಟ್ ಕೊಟ್ಟು, ಅವು ಸರಿಯಾಗಿದ್ದಾಗ ಸುಮಾರು ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನ ಒಳಗೇ ಮಾತಾಡುವಂತೆ ಮಾಡಿರುತ್ತಾರೆ. ಸೊನ್ನೆ ಅಥವಾ ಪೂರ್ತಿ ಐದು ಬಂತೆಂದರೆ ಅದು ಅಳತೆಯಲ್ಲ, ತಂತಿ ಕಡಿದಿದೆ ಅಥವಾ ಶಾರ್ಟ್ ಆಗಿದೆ ಎಂಬ ಸುದ್ದಿ. ಕೂಲೆಂಟ್ ಉಷ್ಣತೆಯ ಸೆನ್ಸರ್ ಇದಕ್ಕೆ ಒಳ್ಳೆಯ ಉದಾಹರಣೆ. ಬಿಸಿಯಾದಷ್ಟೂ ಅದರೊಳಗಿನ ಪ್ರತಿರೋಧ ಇಳಿಯುತ್ತದೆ. ಇಪ್ಪತ್ತು ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್‌ನಷ್ಟಿರುವುದು ನೀರು ಕುದಿಯುವ ಹೊತ್ತಿಗೆ ಇನ್ನೂರರ ಆಸುಪಾಸಿಗೆ ಬರುತ್ತದೆ. ಅದರ ಕಪ್ಲರ್ ಕಳಚಿಕೊಂಡರೆ ಪ್ರತಿರೋಧಕ್ಕೆ ಮಿತಿಯೇ ಇಲ್ಲದಂತಾಗಿ, ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿ ಕಾಣಿಸುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಮೈನಸ್ 40! ಇಸಿಎಂ ಇದನ್ನು ನಂಬಿದರೆ ಹಿಮದಲ್ಲಿ ಹೆಪ್ಪುಗಟ್ಟಿದ ಎಂಜಿನ್‌ಗೆ ಕೊಡುವಷ್ಟು ಪೆಟ್ರೋಲ್ ಸುರಿಯಬೇಕು. ಅದು ನಂಬುವುದಿಲ್ಲ.

ನಂಬದೆ ಮಾಡುವುದೇನು ಎಂಬಲ್ಲಿ ಈ ವಿದ್ಯೆಯ ಸೊಗಸಿದೆ. ಸ್ಟಾರ್ಟ್ ಮಾಡುವಾಗ ಒಳಬರುವ ಗಾಳಿಯ ಉಷ್ಣತೆ ಎಷ್ಟಿದೆಯೋ ಎಂಜಿನ್ ಕೂಡ ಅಷ್ಟೇ ತಣ್ಣಗಿದೆ ಎಂದು ಮೊದಲು ಊಹಿಸುತ್ತದೆ. ಆಮೇಲೆ ಎಷ್ಟು ಹೊತ್ತು ಓಡಿತು, ಎಷ್ಟು ಇಂಧನ ಉರಿಯಿತು ಎಂಬುದರ ಮೇಲೆ ಆ ಊಹೆಯ ಉಷ್ಣತೆಯನ್ನು ಮೆಲ್ಲಗೆ ಏರಿಸುತ್ತಾ ಹೋಗುತ್ತದೆ. ಇಂಧನದ ಲೆಕ್ಕಕ್ಕೆ ಈ ಊಹೆ ಸಾಕು. ಆದರೆ ಅದೇ ಹೊತ್ತಿಗೆ ರೇಡಿಯೇಟರ್ ಫ್ಯಾನಿನ ವಿಷಯದಲ್ಲಿ ಇಸಿಎಂ ಬೇರೆಯದೇ ಊಹೆ ಮಾಡುತ್ತದೆ: ಎಂಜಿನ್ ಕುದಿಯುತ್ತಿದೆ ಎಂದೇ ಭಾವಿಸಿ ಫ್ಯಾನನ್ನು ಪೂರ್ತಿ ಓಡಿಸಿಬಿಡುತ್ತದೆ. ಹಲವು ಗಾಡಿಗಳಲ್ಲಿ ಏಸಿಯನ್ನೂ ಆರಿಸುತ್ತದೆ. ಒಂದೇ ಸೆನ್ಸರ್ ಕೆಟ್ಟದ್ದಕ್ಕೆ ಎರಡು ಬೇರೆ ಬೇರೆ ಊಹೆಗಳು, ಎರಡೂ ಆಯಾ ಕೆಲಸಕ್ಕೆ ಅಪಾಯ ಕಡಿಮೆ ಇರುವ ಕಡೆಗೆ ವಾಲಿದವು. ಅಪಾಯ ಯಾವ ಕಡೆಗಿದೆ ಎಂದು ಒಂದೊಂದು ಕೆಲಸಕ್ಕೂ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು, ಇಡೀ ಎಂಜಿನ್‌ಗೆ ಒಂದೇ ಉತ್ತರ ಇಲ್ಲ. ಬೆಳಗಿನ ಚಳಿಯಲ್ಲೂ ಫ್ಯಾನ್ ಭೋರೆಂದು ತಿರುಗುತ್ತಿದೆ ಎಂದು ದೂರುವವರ ಗಾಡಿಯಲ್ಲಿ ಅನೇಕ ಸಲ ನಡೆದಿರುವುದು ಇದೇ.

ಸತ್ತ ಸೆನ್ಸರಿನ ಕಥೆ ಇಷ್ಟು. ಸುಳ್ಳು ಹೇಳುವ ಸೆನ್ಸರಿನದು ಇದಕ್ಕಿಂತ ಬಹಳ ಕಷ್ಟದ ಕಥೆ. ಅದರ ವೋಲ್ಟೇಜ್ ಮಿತಿಯೊಳಗೇ ಇರುತ್ತದೆ, ಅಂಕಿ ನಂಬುವಂತೆಯೇ ಕಾಣುತ್ತದೆ, ಆದರೆ ತಪ್ಪು. ಇಲ್ಲಿ ಇಸಿಎಂ ನ್ಯಾಯಾಲಯದ ಕೆಲಸ ಮಾಡಬೇಕು. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬ ಸಾಕ್ಷಿಯ ಮಾತಿನ ಎದುರು ಇಟ್ಟು ತಾಳೆ ನೋಡಬೇಕು.

ಈ ತಾಳೆ ನೋಡುವ ಉಪಾಯಗಳು ಸರಳವಾಗಿವೆ, ಆದರೆ ಜಾಣತನದವು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲೆಂಟಿನ ಉಷ್ಣತೆ ಮತ್ತು ಒಳಬರುವ ಗಾಳಿಯ ಉಷ್ಣತೆ ಬೆಳಗ್ಗೆ ಹೆಚ್ಚುಕಡಿಮೆ ಒಂದೇ ಇರಲೇಬೇಕು. ಒಂದು 22, ಇನ್ನೊಂದು 60 ಎಂದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ. ಎಂಜಿನ್ ತಿರುಗುವ ಮುನ್ನ, ಬರೀ ಕೀ ಆನ್ ಮಾಡಿದಾಗ, ಇನ್‌ಟೇಕ್ ಒತ್ತಡದ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನ ಕಡಲ ಬದಿಯಲ್ಲಿ 101 ಕಿಲೋಪಾಸ್ಕಲ್, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ 91ರ ಹತ್ತಿರ. ನಿಂತ ಎಂಜಿನ್‌ನಲ್ಲಿ ಅದು 60 ತೋರಿಸಿದರೆ ಸೆನ್ಸರ್ ಹಾಳಾಗಿದೆ, ಯಾಕೆಂದರೆ ಅಷ್ಟು ತೆಳುವಾದ ಗಾಳಿ ಬೇಕಾದರೆ ಹಿಮಾಲಯದಲ್ಲಿ ನಾಲ್ಕು ಸಾವಿರ ಮೀಟರಿಗೂ ಮೇಲೆ ಹೋಗಬೇಕು. ಎಂಜಿನ್ ಓಡುತ್ತಿರುವಾಗಲೂ ಗಾಳಿಯ ಬಾಗಿಲಾದ ಥ್ರಾಟಲ್ ಎಷ್ಟು ತೆರೆದಿದೆ ಮತ್ತು ವೇಗ ಎಷ್ಟಿದೆ ಎಂಬುದರಿಂದ ಎಷ್ಟು ಗಾಳಿ ಹೋಗಬೇಕು ಎಂದು ಲೆಕ್ಕ ಹಾಕಬಹುದು. ಗಾಳಿ ಅಳೆಯುವ ಸೆನ್ಸರ್ ಹೇಳುವುದಕ್ಕೂ ಈ ಲೆಕ್ಕಕ್ಕೂ ಅಂತರ ದೊಡ್ಡದಾಗಿ, ಹಾಗೆಯೇ ಉಳಿದರೆ ಇಸಿಎಂ ಸೆನ್ಸರನ್ನು ಬದಿಗಿಟ್ಟು ಲೆಕ್ಕವನ್ನೇ ನೆಚ್ಚುತ್ತದೆ.

ಅನುಭವಿ ಮೆಕ್ಯಾನಿಕ್‌ಗಳ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಗಾಡಿ ಎಳೆಯುತ್ತಿಲ್ಲ, ಜರ್ಕ್ ಹೊಡೆಯುತ್ತಿದೆ, ಮೈಲೇಜ್ ಇಳಿದಿದೆ, ಆದರೆ ಎಂಜಿನ್ ಚಿತ್ರದ ಹಳದಿ ಚೆಕ್ ಲೈಟ್ ಬಂದಿಲ್ಲ. ಆಗ ಏರ್ ಫಿಲ್ಟರಿನ ಹಿಂದಿರುವ ಗಾಳಿ ಅಳೆಯುವ ಮಾಫ್ ಸೆನ್ಸರಿನ ಕಪ್ಲರನ್ನು ಕಳಚಿ, ಮತ್ತೆ ಸ್ಟಾರ್ಟ್ ಮಾಡಿ ಓಡಿಸುತ್ತಾರೆ. ಲೈಟ್ ಹತ್ತುತ್ತದೆ, ಆದರೆ ಗಾಡಿ ಮೊದಲಿಗಿಂತ ಚೆನ್ನಾಗಿ ಓಡುತ್ತದೆ! ಅದರೊಳಗಿನ ಬಿಸಿತಂತಿಯ ಮೇಲೆ ಧೂಳು, ಎಣ್ಣೆ ಹತ್ತಿ ಕೂತು ಅದು ಗಾಳಿಯನ್ನು ಕಡಿಮೆ ತೋರಿಸುತ್ತಿತ್ತು. ಸುಳ್ಳು ಅಷ್ಟು ದೊಡ್ಡದಲ್ಲದ್ದರಿಂದ ಇಸಿಎಂಗೆ ಹಿಡಿಯಲಾಗಿರಲಿಲ್ಲ. ಕಪ್ಲರ್ ಕಳಚಿದ ಮೇಲೆ ಸೆನ್ಸರ್ ಇಲ್ಲವೆಂಬುದು ಖಚಿತವಾಗಿ, ಇಸಿಎಂ ತನ್ನ ಲೆಕ್ಕದ ಮೊರೆ ಹೋಯಿತು. ತಪ್ಪು ಹೇಳುವ ಸೆನ್ಸರಿಗಿಂತ ಸುಮ್ಮನಿರುವ ಸೆನ್ಸರ್ ಎಂಜಿನ್‌ಗೆ ಮೇಲು. ಕೆಟ್ಟರೂ ಓಡುವ ಎಂಜಿನ್ ಕಟ್ಟುವವರ ಮುಖ್ಯ ಕೆಲಸ ಬದಲಿ ಅಂಕಿ ಕೊಡುವುದಕ್ಕಿಂತ ಹೆಚ್ಚಾಗಿ, ಯಾವ ಅಂಕಿಯನ್ನು ಯಾವಾಗ ನಂಬಬಾರದು ಎಂದು ತೀರ್ಮಾನಿಸುವುದು.

ಆ ತೀರ್ಮಾನ ತಪ್ಪಿದರೆ ಎಂಥ ಅನಾಹುತವಾದೀತು ಎಂಬುದಕ್ಕೆ ವಿಮಾನಯಾನದಲ್ಲಿ ಒಂದು ದಾರುಣ ಉದಾಹರಣೆ ಇದೆ. 1982ರ ಜನವರಿ 13ರಂದು ವಾಷಿಂಗ್ಟನ್ ನಗರದಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾ ಸಂಸ್ಥೆಯ ಬೋಯಿಂಗ್ 737 ವಿಮಾನದ ಎಂಜಿನ್‌ಗಳಲ್ಲಿ ಹಿಮ ಕರಗಿಸುವ ವ್ಯವಸ್ಥೆಯನ್ನು ಆನ್ ಮಾಡಿರಲಿಲ್ಲ. ಎಂಜಿನ್ ಎಷ್ಟು ನೂಕುಬಲ ಕೊಡುತ್ತಿದೆ ಎಂದು ತಿಳಿಸುವ ಒತ್ತಡದ ಅನುಪಾತ ಅಳೆಯಲು ಮುಂಭಾಗದಲ್ಲಿದ್ದ ಸಣ್ಣ ಕೊಳವೆಯ ಬಾಯಿ ಮಂಜುಗಡ್ಡೆಯಿಂದ ಮುಚ್ಚಿಹೋಯಿತು. ಮಾಪಕ 2.04 ತೋರಿಸಿತು, ಟೇಕಾಫ್‌ಗೆ ಬೇಕಾದದ್ದು ಅಷ್ಟೇ. ನಿಜವಾಗಿ ಇದ್ದದ್ದು 1.70. ಎಂಜಿನ್‌ನ ತಿರುಗುವ ವೇಗ ತೋರಿಸುವ ಪಕ್ಕದ ಮಾಪಕಗಳು ಶಕ್ತಿ ಸಾಲದು ಎಂಬುದನ್ನು ಸರಿಯಾಗಿಯೇ ತೋರಿಸುತ್ತಿದ್ದವು. ಎಲ್ಲೋ ಸರಿಯಿಲ್ಲ ಎಂದು ಸಹ ಪೈಲಟ್‌ಗೆ ಅನ್ನಿಸಿ, ಬಾಯಿಬಿಟ್ಟು ಹೇಳಿದ್ದೂ ಧ್ವನಿಮುದ್ರಣದಲ್ಲಿದೆ. ಆದರೂ ವಿಮಾನ ಏರಿತು, ರೆಕ್ಕೆಯ ಮೇಲೂ ಹಿಮವಿತ್ತು, ಸ್ವಲ್ಪ ಹೊತ್ತಿನಲ್ಲೇ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದವರಲ್ಲಿ 74 ಮಂದಿ, ಸೇತುವೆಯ ಮೇಲಿದ್ದ ನಾಲ್ವರು ತೀರಿಕೊಂಡರು. ಎಂಜಿನ್‌ಗಳಲ್ಲಿ ಇನ್ನೂ ಬಳಸದ ಶಕ್ತಿ ಉಳಿದಿತ್ತು. ತಪ್ಪು ಸಾಕ್ಷಿಯ ಮಾತು ಗೆದ್ದಿತ್ತು.

ಇಂದಿನ ಜೆಟ್ ಎಂಜಿನ್‌ಗಳ ಡಿಜಿಟಲ್ ನಿಯಂತ್ರಕಗಳಲ್ಲಿ ಸಾಮಾನ್ಯವಾಗಿ ಎರಡು ಚಾನೆಲ್‌ಗಳಿರುತ್ತವೆ. ಒಂದೊಂದಕ್ಕೂ ಅದರದೇ ಸೆನ್ಸರ್‌ಗಳು, ಜೊತೆಗೆ ಎಂಜಿನ್ ಹೇಗೆ ನಡೆದುಕೊಳ್ಳಬೇಕು ಎಂಬುದರ ಗಣಿತದ ಮಾದರಿ. ಎರಡು ಸೆನ್ಸರ್‌ಗಳು ಒಪ್ಪದಿದ್ದರೆ, ಆ ಮಾದರಿಗೆ ಹತ್ತಿರವಿರುವುದನ್ನು ನಂಬುವುದು ಒಂದು ರೂಢಿ. ಕಾರಿನಲ್ಲಿ ಹಾಗೆ ಎಲ್ಲವನ್ನೂ ಎರಡೆರಡು ಇಡಲು ಆಗುವುದಿಲ್ಲ. ಬೆಲೆ ಬಿಡುವುದಿಲ್ಲ. ಹಾಗಾಗಿ ಕಾರಿನ ಎಂಜಿನಿಯರ್ ಇರುವ ಬೇರೆ ಬೇರೆ ಸೆನ್ಸರ್‌ಗಳಿಂದಲೇ ಕೆಲಸ ತೆಗೆಯಬೇಕು.

ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಜೋಡಿ ಇದಕ್ಕೆ ಚೆಂದದ ನಿದರ್ಶನ. ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಒಂದು ಹಲ್ಲಿನ ಚಕ್ರವಿರುತ್ತದೆ. ಅರವತ್ತು ಹಲ್ಲುಗಳ ಜಾಗ, ಅದರಲ್ಲಿ ಎರಡು ಬೇಕೆಂದೇ ಬಿಟ್ಟದ್ದು, ಇದು ತುಂಬಾ ಗಾಡಿಗಳಲ್ಲಿರುವ ವಿನ್ಯಾಸ. ಒಂದೊಂದು ಹಲ್ಲಿಗೂ ಆರು ಡಿಗ್ರಿ. ಖಾಲಿ ಜಾಗ ಹಾದುಹೋದಾಗ ಪಿಸ್ಟನ್ ಎಲ್ಲಿದೆ ಎಂದು ಇಸಿಎಂಗೆ ಗೊತ್ತಾಗುತ್ತದೆ. ಆದರೆ ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಒಂದು ಆವರ್ತಕ್ಕೆ ಎರಡು ಸುತ್ತು. ಪಿಸ್ಟನ್ ಮೇಲೆ ಬಂದದ್ದು ಗಾಳಿ ಒತ್ತಲೋ ಹೊಗೆ ಹೊರದಬ್ಬಲೋ ಎಂಬುದನ್ನು ಕ್ರ್ಯಾಂಕ್ ಸೆನ್ಸರ್ ಹೇಳಲಾರದು. ಅದಕ್ಕೆ ಅರ್ಧ ವೇಗದಲ್ಲಿ ತಿರುಗುವ ಕ್ಯಾಮ್‌ನ ಸೆನ್ಸರ್ ಬೇಕು. ಕ್ಯಾಮ್ ಸೆನ್ಸರ್ ಹೋದರೆ ಹಲವು ಪೆಟ್ರೋಲ್ ಎಂಜಿನ್‌ಗಳು ಎರಡೂ ಸುತ್ತಿನಲ್ಲಿ ಕಿಡಿ ಹಾರಿಸಿಬಿಡುತ್ತವೆ. ಒಂದು ಕಿಡಿ ಕೆಲಸಕ್ಕೆ ಬರುತ್ತದೆ, ಇನ್ನೊಂದು ಹೊಗೆಯಲ್ಲಿ ವ್ಯರ್ಥವಾಗುತ್ತದೆ, ಹಾನಿಯೇನಿಲ್ಲ. ಇನ್ನು ಕೆಲವು ಒಂದು ಊಹೆಯಲ್ಲಿ ಶುರುಮಾಡಿ, ವೇಗ ಏರದಿದ್ದರೆ ಊಹೆಯನ್ನು ತಿರುಗಿಸಿ ನೋಡುತ್ತವೆ. ಹೀಗಾದಾಗ ಸ್ಟಾರ್ಟ್ ಆಗಲು ತುಸು ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ, ಅಷ್ಟೇ.

ಒಂದೇ ಸಿಲಿಂಡರಿನ ಎಷ್ಟೋ ಬೈಕುಗಳಲ್ಲಿ ಕ್ಯಾಮ್ ಸೆನ್ಸರ್ ಮೊದಲಿನಿಂದಲೂ ಇಲ್ಲ. ಗಾಳಿ ಎಳೆದುಕೊಳ್ಳುವ ಸುತ್ತಿನಲ್ಲಿ ಇನ್‌ಟೇಕ್ ಒತ್ತಡ ಒಮ್ಮೆ ಕುಸಿಯುತ್ತದಲ್ಲ, ಆ ಕುಸಿತವನ್ನು ನೋಡಿಯೇ ಇದು ಯಾವ ಸುತ್ತು ಎಂದು ತಿಳಿದುಕೊಳ್ಳುತ್ತವೆ. ಕಾರಿನಲ್ಲಿ ಆಪತ್ಕಾಲದ ಉಪಾಯವಾದದ್ದು ಬೈಕಿನಲ್ಲಿ ದಿನನಿತ್ಯದ ಬದುಕು.

ಕ್ರ್ಯಾಂಕ್ ಸೆನ್ಸರ್ ಹೋದರೆ ಮಾತ್ರ ಪರಿಸ್ಥಿತಿ ಬಿಗಿಯಾಗುತ್ತದೆ. 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಮೂರು ಸಾವಿರದಷ್ಟು ಹಲ್ಲುಗಳನ್ನು ಎಣಿಸುತ್ತಿದ್ದ ಇಸಿಎಂ, ಈಗ ಕ್ಯಾಮ್ ಚಕ್ರದ ಬೆರಳೆಣಿಕೆಯ ಹಲ್ಲುಗಳ ನಡುವೆ ಅಂದಾಜಿನಲ್ಲೇ ಕಾಲ ಕಳೆಯಬೇಕು. ಕೆಲವು ಎಂಜಿನ್‌ಗಳು ಕಿಡಿಯನ್ನು ತಡಮಾಡಿಕೊಂಡು, ವೇಗ ಇಳಿಸಿಕೊಂಡು ಹೀಗೆ ಓಡಬಲ್ಲವು. ಬಹಳಷ್ಟು ಗಾಡಿಗಳು ರಸ್ತೆಯಲ್ಲೇ ನಿಂತುಬಿಡುತ್ತವೆ. ಇಲ್ಲಿ ನನಗೆ ತಯಾರಕರ ಮೇಲೆ ಒಂದು ತಕರಾರಿದೆ. ಬದಲಿ ಸೆನ್ಸರ್ ಕಣ್ಣೆದುರಿಗೇ ಇರುವಾಗ, ತಂತ್ರಾಂಶದಲ್ಲಿ ಆ ದಾರಿಯನ್ನು ಬರೆದು ಪರೀಕ್ಷಿಸುವ ಖರ್ಚು ಉಳಿಸಲು ಎಂಜಿನನ್ನು ನಿಲ್ಲಿಸಿಬಿಡುವುದು ಸರಿಯಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ರಾತ್ರಿ ಮಕ್ಕಳೊಂದಿಗೆ ನಿಂತವರಿಗೆ ಅರ್ಧ ಶಕ್ತಿಯ ಎಂಜಿನ್ ಕೂಡ ದೊಡ್ಡ ಉಪಕಾರ.

ಎಲ್ಲ ಸೆನ್ಸರಿನ ವಿಷಯವೂ ಇಷ್ಟು ಬಿಗಿಯಲ್ಲ. ಎಂಜಿನ್ನಿನ ಬಡಿತವನ್ನು ಕೇಳಿಸಿಕೊಳ್ಳುವ ನಾಕ್ ಸೆನ್ಸರ್ ಹೋದರೆ ಕಿಡಿಯನ್ನು ಕೆಲವು ಡಿಗ್ರಿ ತಡಮಾಡಿದರಾಯಿತು, ಪಿಕಪ್ ಸ್ವಲ್ಪ ಕಡಿಮೆಯಾಗುತ್ತದೆ. ಲ್ಯಾಂಬ್ಡಾ ಹೋದರೆ, ಅದು ಚೆನ್ನಾಗಿದ್ದ ದಿನಗಳಲ್ಲಿ ಕಲಿತಿಟ್ಟುಕೊಂಡ ತಿದ್ದುಪಡಿಗಳನ್ನೇ ಬಳಸಿಕೊಂಡು ಎಂಜಿನ್ ಬಹಳ ದಿನ ಓಡುತ್ತದೆ, ಹೊಗೆ ಮತ್ತು ಪೆಟ್ರೋಲ್ ಖರ್ಚು ಮಾತ್ರ ಏರುತ್ತದೆ.

ಆಕ್ಸಿಲರೇಟರ್ ಪೆಡಲಿನ ಮಾತೇ ಬೇರೆ. ಈಗಿನ ಗಾಡಿಗಳಲ್ಲಿ ಪೆಡಲಿಗೂ ಎಂಜಿನ್‌ಗೂ ಕೇಬಲ್ ಇಲ್ಲ, ತಂತಿಯಲ್ಲಿ ಹೋಗುವ ವೋಲ್ಟೇಜ್ ಮಾತ್ರ. ಇಲ್ಲಿ ಸೆನ್ಸರ್ ಸುಳ್ಳು ಹೇಳಿದರೆ ಗಾಡಿ ತಾನಾಗಿ ನುಗ್ಗಬಹುದು. ಹಾಗಾಗಿ ಬೆಲೆಯ ಮಾತು ಬದಿಗಿಟ್ಟು ಎರಡು ಸೆನ್ಸರ್ ಇಟ್ಟಿದ್ದಾರೆ. ಹಲವು ವಿನ್ಯಾಸಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ. ಎರಡೂ ತಂತಿ ಒಂದಕ್ಕೊಂದು ತಾಗಿದರೆ ಎರಡೂ ಸಮನಾಗಿಬಿಡುತ್ತವೆ, ಅರ್ಧದ ನಿಯಮ ಮುರಿದದ್ದು ಆ ಕ್ಷಣಕ್ಕೇ ತಿಳಿಯುತ್ತದೆ. ಒಂದು ಕೆಟ್ಟರೆ ಇನ್ನೊಂದರ ಮೇಲೆ, ವೇಗಕ್ಕೆ ಮಿತಿ ಹಾಕಿಕೊಂಡು, ಬ್ರೇಕ್ ತುಳಿದ ಕೂಡಲೇ ಪೆಡಲನ್ನು ಕಡೆಗಣಿಸುವಂತೆ ಓಡುತ್ತದೆ. ಎರಡೂ ಹೋದರೆ ಐಡ್ಲಿಂಗಿಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ತೆವಳಿಕೊಂಡು ರಸ್ತೆಯ ಬದಿಗೆ ಬರಬಹುದು. ಥ್ರಾಟಲಿನ ಮೋಟರಿಗೆ ಕರೆಂಟೇ ಹೋದರೂ ಸ್ಪ್ರಿಂಗುಗಳು ಅದನ್ನು ಪೂರ್ತಿ ಮುಚ್ಚದೆ ಒಂದಿಷ್ಟು ತೆರೆದ ಸ್ಥಿತಿಯಲ್ಲಿ ನಿಲ್ಲಿಸುತ್ತವೆ. ಇಷ್ಟೂ ಸಾಲದೆಂದು ಇಸಿಎಂನೊಳಗೆ ಮುಖ್ಯ ಚಿಪ್ಪಿಗೆ ಆಗಾಗ ಪ್ರಶ್ನೆ ಕೇಳುವ ಇನ್ನೊಂದು ಚಿಪ್ ಇರುತ್ತದೆ. ಉತ್ತರ ತಪ್ಪಾದರೆ ಅದು ಥ್ರಾಟಲಿನ ವಿದ್ಯುತ್ತನ್ನೇ ಕಡಿಯುತ್ತದೆ.

ಎರಡು ಸಾಕ್ಷಿಗಳಿದ್ದರೂ ಇಬ್ಬರೂ ಒಂದೇ ಕಾರಣಕ್ಕೆ ತಪ್ಪು ಹೇಳುವ ಸಾಧ್ಯತೆ ಉಳಿದೇ ಇರುತ್ತದೆ. ಅಮೆರಿಕದಲ್ಲಿ ಟೊಯೊಟಾ ಕಾರುಗಳು ತಾವಾಗಿ ನುಗ್ಗುತ್ತವೆ ಎಂಬ ದೂರುಗಳು ಎದ್ದಾಗ ಸರ್ಕಾರ ನಾಸಾದ ಎಂಜಿನಿಯರುಗಳಿಂದ ತಪಾಸಣೆ ಮಾಡಿಸಿತು. 2011ರಲ್ಲಿ ಬಂದ ವರದಿಯಲ್ಲಿ, ಗಾಡಿ ಜೋರಾಗಿ ನುಗ್ಗಲು ಎಲೆಕ್ಟ್ರಾನಿಕ್ಸ್ ಕಾರಣ ಎಂಬುದಕ್ಕೆ ಪುರಾವೆ ಸಿಗಲಿಲ್ಲ ಎಂದಿತ್ತು. ಆದರೆ ಕೆಟ್ಟುಹೋಗಿದ್ದ ಒಂದು ಪೆಡಲನ್ನು ಬಿಚ್ಚಿ ನೋಡಿದಾಗ, ತವರದ ಲೇಪನದಿಂದ ಕೂದಲಿಗಿಂತ ಸಣ್ಣ ಎಳೆಗಳು ಬೆಳೆದು, ಎರಡು ಸೆನ್ಸರ್‌ಗಳ ದಾರಿಗಳ ನಡುವೆ ಸೇತುವೆ ಕಟ್ಟಿದ್ದು ಕಂಡಿತು. ಎರಡು ಸೆನ್ಸರ್ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಕೂತಿದ್ದರೆ ಅವು ಪೂರ್ತಿ ಸ್ವತಂತ್ರವಲ್ಲ. ವಾಹನಗಳ ಎಲೆಕ್ಟ್ರಾನಿಕ್ ಸುರಕ್ಷತೆಗೆಂದೇ ಅದೇ ವರ್ಷ ಹೊರಬಂದ ಐಎಸ್‌ಒ 26262 ಮಾನದಂಡ, ಇಂಥ ಒಂದೇ ಬೇರಿನ ದೋಷಗಳನ್ನು ಹುಡುಕಿ ತೆಗೆಯಲೇಬೇಕು ಎನ್ನುತ್ತದೆ. ಅದರ ಹಿಂದಿರುವ ಕೆಲಸ ದೊಡ್ಡದು: ತಂತಿಯೊಂದೊಂದನ್ನೂ ಕಡಿದು, ಒಂದಕ್ಕೊಂದು ತಾಗಿಸಿ, ತಪ್ಪು ವೋಲ್ಟೇಜ್ ಕೊಟ್ಟು, ಇಸಿಎಂ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಂಗಳುಗಟ್ಟಲೆ ನೋಡುವುದು. ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಕೂತ ಸಾವಿರಾರು ಯುವ ಎಂಜಿನಿಯರುಗಳ ದಿನದ ಕೆಲಸದಲ್ಲಿ ಇದಕ್ಕೂ ಪಾಲಿದೆ. ಹೊರಗಿನವರಿಗೆ ಕಾಣದ ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಡೀಸೆಲ್ ಗಾಡಿಗಳಲ್ಲಿ ಲಿಂಪ್ ಮೋಡ್ ಬರಲು ಕಾರಣಗಳು ಹೆಚ್ಚು. ಕಾಮನ್ ರೈಲ್ ಕೊಳವೆಯಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಡೀಸೆಲ್ ತುಂಬಿರುತ್ತದೆ. ಆ ಒತ್ತಡ ಹೇಳುವ ಸೆನ್ಸರ್ ಹೋದರೆ ಇಸಿಎಂ ಪಂಪಿನ ವಾಲ್ವನ್ನು ಮೊದಲೇ ಗೊತ್ತುಮಾಡಿದ ಒಂದು ಸ್ಥಿತಿಯಲ್ಲಿಟ್ಟು ಕಡಿಮೆ ವೇಗದಲ್ಲಿ ಓಡಿಸುತ್ತದೆ, ಇಲ್ಲವೆ ನಿಲ್ಲಿಸಿಯೇ ಬಿಡುತ್ತದೆ. ಟರ್ಬೊ ಒತ್ತಡದ ಸೆನ್ಸರ್ ಹೋದರೆ ಟರ್ಬೊ ಇಲ್ಲವೆಂದೇ ಎಣಿಸಿ ಡೀಸೆಲನ್ನು ತಗ್ಗಿಸುತ್ತದೆ. ಇವೆಲ್ಲ ಎಂಜಿನ್‌ನ ಜೀವ ಉಳಿಸಲು.

ಇನ್ನೊಂದು ಬಗೆಯ ಶಕ್ತಿಕಡಿತವೂ ಇದೆ, ಅದು ಎಂಜಿನ್‌ನ ಜೀವಕ್ಕಲ್ಲ, ಕಾನೂನಿನ ಪಾಲನೆಗೆ. ಬಿಎಸ್-6 ಲಾರಿಯ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯುವ ಸೆನ್ಸರ್ ಕೆಟ್ಟರೆ ಅಥವಾ ಅದನ್ನು ತಗ್ಗಿಸುವ ಯೂರಿಯಾ ದ್ರಾವಣ ಮುಗಿದರೆ, ಎಂಜಿನ್ ತನ್ನಷ್ಟಕ್ಕೆ ಗಟ್ಟಿಯಾಗಿಯೇ ಇದ್ದರೂ ಶಕ್ತಿಯನ್ನು ಹಂತಹಂತವಾಗಿ ಇಳಿಸುತ್ತಾರೆ. ಮಾಲೀಕ ರಿಪೇರಿಯನ್ನು ಮುಂದೂಡಬಾರದು ಎಂಬ ಉದ್ದೇಶ ಒಳ್ಳೆಯದೇ, ಆ ಹೊಗೆ ಕುಡಿಯುವವರು ನಾವೇ. ಆದರೆ ಆಂಬುಲೆನ್ಸಿನಲ್ಲಿ ರೋಗಿಯಿರುವಾಗಲೂ ಅದೇ ನಿಯಮವೇ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2012ರಲ್ಲಿ ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳು ಇಂಥ ಕಾರಣಕ್ಕೆ ಶಕ್ತಿ ಕಳೆದುಕೊಳ್ಳದಂತೆ ತಯಾರಕರಿಗೆ ವಿನಾಯಿತಿ ಕೊಟ್ಟಿತು. ರೋಗಿಯನ್ನು ಹೊತ್ತ ಗಾಡಿ ಹೊಗೆಯ ಸೆನ್ಸರಿಗಾಗಿ ಘಾಟಿಯಲ್ಲಿ ತೆವಳಬಾರದು, ಎಲ್ಲಿಯೂ. ಉಳಿದ ಗಾಡಿಗಳಲ್ಲೂ ಶಕ್ತಿ ಇಳಿದದ್ದು ಎಂಜಿನ್ ಉಳಿಸಲೋ ಹೊಗೆಯ ನಿಯಮಕ್ಕೋ ಎಂಬುದನ್ನು ಚಾಲಕನಿಗೆ ಅವನ ಭಾಷೆಯಲ್ಲಿ ಪರದೆಯ ಮೇಲೆ ಬರೆದು ತೋರಿಸಬೇಕು. ಒಂದೇ ಹಳದಿ ದೀಪ ಎಲ್ಲಕ್ಕೂ ಸಾಲದು.

ಗ್ಯಾರೇಜಿನ ಬೆಂಚಿಗೆ ಬಂದರೆ, ಸೆನ್ಸರ್ ಹೋಗಿದೆ ಎಂದು ಸ್ಕ್ಯಾನರಿನ ದೋಷದ ಕೋಡ್ ತೋರಿಸಿದ ಮಾತ್ರಕ್ಕೆ ಸೆನ್ಸರೇ ಹೋಗಿರಬೇಕಿಲ್ಲ. ಕಪ್ಲರಿನ ಪಿನ್ನಿಗೆ ಹಸಿರು ತುಕ್ಕು ಹಿಡಿದಿರಬಹುದು. ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲ ಕಳೆದ ಮೇಲೆ ಇದು ಹೆಚ್ಚು. ಬಾನೆಟ್ಟಿನೊಳಗೆ ಬೆಚ್ಚಗೆ ಮಲಗಿದ ಇಲಿ ವೈರಿಂಗ್ ಕಡಿದಿರಬಹುದು. ಒಂದೇ 5 ವೋಲ್ಟಿನ ತಂತಿಯನ್ನು ಹಂಚಿಕೊಂಡ ಮೂರು ಸೆನ್ಸರ್‌ಗಳಲ್ಲಿ ಒಂದು ಶಾರ್ಟ್ ಆಗಿ, ಮೂರಕ್ಕೂ ಕೋಡ್ ಬಂದಿರಬಹುದು. ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷ ನೋಡಿದರೆ ಸಾವಿರಾರು ರೂಪಾಯಿಯ ಹೊಸ ಸೆನ್ಸರ್ ಉಳಿಯುತ್ತದೆ. ಹಾಗೆ ನೋಡುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ. ಕೆಲವು ಕಡೆ ಒಂದು ಅಡ್ಡದಾರಿಯೂ ಉಂಟು. ಉಷ್ಣತೆಯ ಸೆನ್ಸರ್ ತೆಗೆದು ಆ ಜಾಗಕ್ಕೆ ಒಂದು ರೆಸಿಸ್ಟರ್ ಸಿಕ್ಕಿಸಿ ಲೈಟ್ ಆರಿಸುತ್ತಾರೆ. ಆಗ ಇಸಿಎಂಗೆ ಎಂಜಿನ್ ಯಾವಾಗಲೂ ಹಿತವಾದ ಬಿಸಿಯಲ್ಲಿದೆ ಎಂದೇ ಕಾಣುತ್ತದೆ. ನೀರು ಸೋರಿ ನಿಜವಾಗಿ ಕುದಿಯತೊಡಗಿದ ದಿನ ಫ್ಯಾನ್ ತಿರುಗುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಸೆನ್ಸರ್ ಇಲ್ಲದೆ ಓಡುವ ದಾರಿಯನ್ನು ಎಂಜಿನ್ ತಾನೇ ಬಲ್ಲದು, ಅದನ್ನು ಮೋಸಗೊಳಿಸಿದರೆ ಮಾತ್ರ ಸಾಯುತ್ತದೆ.

ಚಾಲಕನಿಗೆ ಬೇಕಾದದ್ದು ಸ್ವಲ್ಪವೇ. ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ರೇಸ್ ಕೊಡದೆ, ಕೆಳಗಿನ ಗೇರಿನಲ್ಲಿ, ಮುಂದಿನ ಊರಿನವರೆಗೆ ಹೋಗಬಹುದು. ಅದೇ ದೀಪ ಮಿನುಗುತ್ತಿದ್ದರೆ ಸಿಲಿಂಡರ್ ಮಿಸ್ಸಿಂಗ್ ಆಗಿ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂದರ್ಥ, ಆದಷ್ಟು ಬೇಗ ನಿಲ್ಲಿಸಬೇಕು. ಆಯಿಲ್ ಒತ್ತಡದ್ದಾಗಲಿ ಉಷ್ಣತೆಯದ್ದಾಗಲಿ ಕೆಂಪು ದೀಪ ಬಂದರೆ ಸುರಕ್ಷಿತ ಜಾಗ ಸಿಕ್ಕ ಕೂಡಲೇ ಎಂಜಿನ್ ಆರಿಸಬೇಕು. ಗ್ಯಾರೇಜಿಗೆ ಹೋಗುವ ಮೊದಲು ಬ್ಯಾಟರಿ ಟರ್ಮಿನಲ್ ಕಳಚಿ ದೀಪ ಆರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಕೂಲೆಂಟ್ ಎಷ್ಟು ಬಿಸಿಯಿತ್ತು, ಎಂಜಿನ್ ಮೇಲೆ ಎಷ್ಟು ಭಾರವಿತ್ತು ಎಂಬುದನ್ನೆಲ್ಲ ಇಸಿಎಂ ಫ್ರೀಜ್ ಫ್ರೇಮ್ ಎಂಬ ದಾಖಲೆಯಲ್ಲಿ ಬರೆದಿಟ್ಟಿರುತ್ತದೆ, ಟರ್ಮಿನಲ್ ಕಳಚಿದರೆ ಅದು ಎಷ್ಟೋ ಗಾಡಿಗಳಲ್ಲಿ ಅಳಿಸಿಹೋಗುತ್ತದೆ. ಮಾರನಹಳ್ಳಿಯ ಏರಿನಲ್ಲಿ ಮೂರನೇ ಗೇರಿನಲ್ಲಿದ್ದಾಗ ಮಾತ್ರ ಬರುವ ದೋಷವನ್ನು, ನಿಂತ ಗಾಡಿಯಲ್ಲಿ ಹುಡುಕಬೇಕಾದ ಮೆಕ್ಯಾನಿಕ್‌ಗೆ ಮೊದಲು ಬೇಕಾಗುವುದು ಆ ದಾಖಲೆಯೇ.